ಟೆಲಿವಿಷನ್ನಿಗೆ ಕಾಯಿಲೆಯಾದಾಗ

ರೋಗಿಯ ಕೈ ಹಿಡಿದು ನಾಡಿ ನೋಡುವ ಮೊದಲೇ, ಅವನ ಮುಖವನ್ನೂ ನಡಿಗೆಯನ್ನೂ ಕಂಡು ರೋಗದ ಜಾಡನ್ನು ಹೇಳಿಬಿಡುತ್ತಿದ್ದ ಪಂಡಿತರ ಸಂಗತಿಯನ್ನು ನಾವೆಲ್ಲರೂ ಹಿರಿಯರ ಬಾಯಿಂದ ಕೇಳಿದ್ದೇವೆ. ಹಜಾರದ ಗೋಡೆಯ ಮೇಲೆ ಚಿತ್ರಪಟದಂತೆ ತೂಗುತ್ತಿರುವ ಇಂದಿನ ಟೆಲಿವಿಷನ್ನಿನ ವಿಷಯದಲ್ಲಿಯೂ ಇಂಥ ಪಾಂಡಿತ್ಯ ಸಾಧ್ಯ. ಅದರ ಬೆನ್ನಿನ ಒಂದು ತಿರುಪನ್ನೂ ಸಡಿಲಿಸದೆ, ಕಣ್ಣು, ಕಿವಿ, ಮೂಗು ಮತ್ತು ಒಂದು ಟಾರ್ಚು ಇವಿಷ್ಟರಿಂದಲೇ ಬೇನೆ ಯಾವ ಅಂಗದಲ್ಲಿದೆಯೆಂಬುದನ್ನು ಮನೆಯವರು ಬಹುಮಟ್ಟಿಗೆ ತಿಳಿಯಬಹುದು. ಆದರೆ ರೋಗವನ್ನು ಗುರುತಿಸುವುದು ಬೇರೆ, ಶಸ್ತ್ರಚಿಕಿತ್ಸೆಗೆ ಕೈ ಹಾಕುವುದು ಬೇರೆ. ಮೊದಲನೆಯದನ್ನು ಅರಿಯದವರು ಹಣ ಕಳೆದುಕೊಳ್ಳುತ್ತಾರೆ. ಎರಡನೆಯದರಲ್ಲಿ ದುಡುಕಿದವರು ಪ್ರಾಣವನ್ನೇ ಕಳೆದುಕೊಂಡಾರು. ಈ ಎರಡರ ನಡುವಣ ಗೆರೆ ಯಾವುದೆಂಬುದನ್ನು ಪ್ರತಿಯೊಂದು ಸಂಸಾರವೂ ತಿಳಿದಿರುವುದು ಒಳಿತು.

ತೆರೆಯ ಹಿಂದಿನ ದೀಪ

ನಮ್ಮ ದೇಶದಲ್ಲಿ ಟೆಲಿವಿಷನ್ ಪ್ರಸಾರ ಮೊದಲಾದುದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಬೆಂಗಳೂರಿನ ಕೇಂದ್ರ ಆರಂಭವಾದುದು 1981ರಲ್ಲಿ. ಆಗಿನ ಸೆಟ್ಟುಗಳೆಂದರೆ ಮೇಜಿನ ತುಂಬ ಕುಳಿತುಕೊಳ್ಳುವ ಭಾರಿ ಪೆಟ್ಟಿಗೆಗಳು. ಬಣ್ಣದ ಸೆಟ್ಟಿನ ಪಿಕ್ಚರ್ ಟ್ಯೂಬಿನಲ್ಲಿ 20,000 ವೋಲ್ಟಿಗೂ ಮೀರಿದ ಒತ್ತಡ ಇರುತ್ತಿತ್ತು. ಆ ಭಯಂಕರ ಟ್ಯೂಬು ಇಂದಿನ ಚಪ್ಪಟೆ ತೆರೆಯಲ್ಲಿಲ್ಲ. ತೆಳ್ಳಗಿರುವುದೆಲ್ಲ ಸಾಧುವೆಂದು ನಂಬುವುದು ಮನುಷ್ಯನ ಸ್ವಭಾವ. ಆದುದರಿಂದಲೇ ಹಳೆಯ ಪೆಟ್ಟಿಗೆಯ ಬಳಿ ಸುಳಿಯಲು ಅಂಜುತ್ತಿದ್ದವರೂ ಇಂದು ತಿರುಪುಳಿ ಹಿಡಿದು ಗೋಡೆಯ ಬಳಿ ನಿಲ್ಲುತ್ತಾರೆ. ಆ ಧೈರ್ಯ ಎಷ್ಟುಮಟ್ಟಿಗೆ ಸರಿಯೆಂಬುದನ್ನು ಮುಂದೆ ನೋಡೋಣ.

ಇಂದಿನ ಹೆಚ್ಚಿನ ಸೆಟ್ಟುಗಳಲ್ಲಿ ಚಿತ್ರವನ್ನು ಮೂಡಿಸುವುದು ದ್ರವಸ್ಫಟಿಕವೆಂಬ ವಿಚಿತ್ರ ವಸ್ತು. ನೀರಿನಂತೆ ಹರಿಯುವ, ಆದರೆ ಸ್ಫಟಿಕದಂತೆ ಕಣಗಳು ಸಾಲುಗಟ್ಟಿ ನಿಲ್ಲುವ ಈ ಸ್ಥಿತಿಯನ್ನು 1888ರಲ್ಲಿ ಮೊದಲು ಗಮನಿಸಿದವನು ಫ್ರೀಡ್ರಿಖ್ ರೈನಿಟ್ಸರ್ ಎಂಬ ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ. ಈ ಶಾಸ್ತ್ರಕ್ಕೆ ನಮ್ಮ ನಾಡಿನ ಕಾಣಿಕೆಯೂ ಉಂಟು. ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂಬುದನ್ನು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಅವರೂ ಅವರ ಸಂಗಡಿಗರೂ ಕಂಡುಹಿಡಿದರು. ಓರೆಯಾಗಿ ಕುಳಿತು ನೋಡುವವರಿಗೂ ಚಿತ್ರ ಮಾಸದಂತೆ ಕಾಣಲೆಂದು ಕೆಲವು ಜಾತಿಯ ತೆರೆಗಳಿಗೆ ಹಚ್ಚಿದ ತೆಳುಹಾಳೆಗಳಲ್ಲಿ ಈ ಬಗೆಯ ದ್ರವ್ಯವೇ ಬಳಕೆಗೆ ಬಂದಿತು.

ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ನಮ್ಮ ತೊಗಲುಗೊಂಬೆಯಾಟವನ್ನು ನೆನೆಯಿರಿ. ಬಿಳಿಯ ಪರದೆ, ಅದರ ಹಿಂದೆ ಬಣ್ಣದ ಗೊಂಬೆ, ಗೊಂಬೆಯ ಹಿಂದೆ ಉರಿಯುವ ದೀಪ. ದೀಪ ಆರಿದರೆ ಭಾಗವತನ ಹಾಡು ಕೇಳಿಸುತ್ತದೆ, ಗೊಂಬೆಗಳೂ ಕುಣಿಯುತ್ತಲೇ ಇರುತ್ತವೆ. ಪ್ರೇಕ್ಷಕನಿಗೆ ಮಾತ್ರ ಏನೂ ಕಾಣಿಸುವುದಿಲ್ಲ. ಟೆಲಿವಿಷನ್ನಿನ ತೆರೆಯೂ ಹೀಗೆಯೇ. ‘ಫುಲ್ ಎಚ್.ಡಿ.’ ಎಂಬ ತೆರೆಯಲ್ಲಿ 1920 ಉದ್ದಸಾಲು, 1080 ಅಡ್ಡಸಾಲು, ಅಂದರೆ 20 ಲಕ್ಷಕ್ಕೂ ಮೀರಿದ ಚುಕ್ಕೆಗಳಿವೆ. ಒಂದೊಂದು ಚುಕ್ಕೆಯಲ್ಲಿಯೂ ಕೆಂಪು, ಹಸುರು, ನೀಲಿಯ ಮೂರು ಕಿಂಡಿಗಳು. ದ್ರವಸ್ಫಟಿಕವು ಈ ಕಿಂಡಿಗಳ ಬಾಗಿಲನ್ನು ತೆರೆದು ಮುಚ್ಚುವ ದ್ವಾರಪಾಲಕ. ಬೆಳಕನ್ನು ಒದಗಿಸುವುದು ಹಿಂದಿರುವ ದೀಪಗಳ ಸಾಲು. ಇದನ್ನು ಬ್ಯಾಕ್‌ಲೈಟ್ ಎನ್ನುತ್ತಾರೆ. ಹಿಂದೆ ಇದಕ್ಕೆ ಕಡ್ಡಿಯಂಥ ಸಣ್ಣ ಟ್ಯೂಬ್‌ಲೈಟುಗಳಿದ್ದವು, ಈಗ ಎಲ್.ಇ.ಡಿ. ಎಂಬ ಪುಟ್ಟ ದೀಪಗಳ ಪಟ್ಟಿಗಳಿವೆ. ಅಂಗಡಿಯಲ್ಲಿ ‘ಎಲ್.ಇ.ಡಿ. ಟಿ.ವಿ.’ ಎಂದು ಮಾರುವ ಹೆಚ್ಚಿನ ಸೆಟ್ಟುಗಳು ಈ ಜಾತಿಯವೇ. ಬೆಲೆಬಾಳುವ ಓ.ಎಲ್.ಇ.ಡಿ. ಸೆಟ್ಟುಗಳಲ್ಲಿ ಮಾತ್ರ ಪ್ರತಿಯೊಂದು ಚುಕ್ಕೆಯೂ ತಾನೇ ಬೆಳಗುತ್ತದೆ.

ಸೆಟ್ಟಿನ ಒಳಗೆ ಮುಖ್ಯವಾಗಿ ಐದು ಅಂಗಗಳೆಂದು ತಿಳಿದರೆ ಸಾಕು. ಮನೆಯ ವಿದ್ಯುತ್ತನ್ನು ತಕ್ಕ ಪ್ರಮಾಣಕ್ಕೆ ಇಳಿಸಿ ಹಂಚುವ ಪವರ್ ಬೋರ್ಡು, ಮೆದುಳಿನಂತಿರುವ ಮುಖ್ಯ ಬೋರ್ಡು, ಯಾವ ಚುಕ್ಕೆ ಯಾವಾಗ ತೆರೆಯಬೇಕೆಂದು ಆಜ್ಞೆ ಕೊಡುವ ‘ಟಿ-ಕಾನ್’ ಎಂಬ ಭಾಗ, ಬ್ಯಾಕ್‌ಲೈಟು, ಮತ್ತು ಮುಂದಿನ ಗಾಜಿನ ಪ್ಯಾನೆಲ್ಲು. ಇವುಗಳಲ್ಲಿ ಎಲ್ಲಕ್ಕಿಂತ ದುಬಾರಿಯಾದುದು ಪ್ಯಾನೆಲ್ಲು. ಆದುದರಿಂದ ಕೆಟ್ಟಿರುವುದು ಪ್ಯಾನೆಲ್ಲೋ ಅಲ್ಲವೋ ಎಂಬುದೇ ಮನೆಯವರು ತಿಳಿಯಬೇಕಾದ ಮೊದಲ ಪ್ರಶ್ನೆ.

ಜೀವವೇ ಇಲ್ಲದಂತಿದ್ದರೆ

ಸೆಟ್ಟು ಮಾತಾಡದು, ಮೂಲೆಯ ಕೆಂಪು ದೀಪವೂ ಹತ್ತದು. ಆಗ ಮೊದಲು ಸಂಶಯಿಸಬೇಕಾದುದು ಸೆಟ್ಟನ್ನಲ್ಲ, ಗೋಡೆಯನ್ನು. ಅದೇ ಸಾಕೆಟ್ಟಿಗೆ ಒಂದು ಮೇಜುದೀಪವನ್ನು ಸಿಕ್ಕಿಸಿ ನೋಡತಕ್ಕದ್ದು. ನಡುವೆ ಸ್ಟೆಬಿಲೈಸರ್ ಅಥವಾ ಎಕ್ಸ್‌ಟೆನ್ಷನ್ ಬೋರ್ಡು ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಕೊಟ್ಟು ನೋಡಬೇಕು. ಇಷ್ಟರಲ್ಲಿಯೇ ಪರಿಹಾರವಾಗುವ ‘ಕಾಯಿಲೆ’ಗಳು ಹಲವು.

ಕೆಂಪು ದೀಪ ಹತ್ತಿಯೂ ಸೆಟ್ಟು ಏಳದಿದ್ದರೆ ರಿಮೋಟನ್ನು ಪರೀಕ್ಷಿಸಬೇಕು. ಮೊಬೈಲ್ ಫೋನಿನ ಕ್ಯಾಮೆರಾದ ಎದುರಿಗೆ ರಿಮೋಟಿನ ಮೂತಿಯನ್ನು ಹಿಡಿದು ಗುಂಡಿಯನ್ನು ಒತ್ತಿದರೆ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣವು ಫೋನಿನ ಪರದೆಯ ಮೇಲೆ ನಸುನೇರಳೆಯ ಮಿನುಗಾಗಿ ಕಾಣಿಸುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ನೋಡಿರಿ. ಮಿನುಗು ಕಂಡರೆ ಆ ರಿಮೋಟು ಸರಿಯಾಗಿದೆ. ಈ ಕಿರಣವನ್ನು ಬಳಸದೆ ಬ್ಲೂಟೂತಿನಿಂದ ಕೆಲಸ ಮಾಡುವ ರಿಮೋಟುಗಳೂ ಈಚೆಗೆ ಬಂದಿರುವುದರಿಂದ, ಸೆಟ್ಟಿನ ಅಂಚಿನಲ್ಲಿರುವ ಗುಂಡಿಯನ್ನು ಒತ್ತಿ ನೋಡುವುದೂ ಲೇಸು.

ಕೆಲವು ವೇಳೆ ಕೆಂಪು ದೀಪವು ಎಣಿಕೆಯಿಟ್ಟಂತೆ ಮಿಟುಕುತ್ತದೆ: ಮೂರು ಬಾರಿ ಮಿಟುಕಿ ವಿರಾಮ, ಮತ್ತೆ ಮೂರು. ಇದು ನಿರರ್ಥಕವಲ್ಲ. ಯಾವ ಅಂಗದಲ್ಲಿ ದೋಷವಿದೆಯೆಂಬುದನ್ನು ಸೆಟ್ಟು ಆ ಎಣಿಕೆಯ ಮೂಲಕ ತಿಳಿಸುತ್ತಿರುತ್ತದೆ. ಎಣಿಕೆಯ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ. ಎಷ್ಟು ಸಲ ಮಿಟುಕಿತೆಂದು ಬರೆದಿಟ್ಟು ರಿಪೇರಿಯವರಿಗೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಇನ್ನು ಕಂಪೆನಿಯ ಚಿಹ್ನೆ ಮೂಡಿ ಅಲ್ಲಿಯೇ ನಿಂತುಬಿಡುವ ಸೆಟ್ಟಿನಲ್ಲಿ ಬಹುಮಟ್ಟಿಗೆ ಕೆಟ್ಟಿರುವುದು ಸಾಫ್ಟ್‌ವೇರು. ಪ್ಲಗ್ಗನ್ನು ಕಿತ್ತು ಐದು ನಿಮಿಷ ಬಿಟ್ಟು ಮತ್ತೆ ಕೊಡುವುದು ಇದಕ್ಕೆ ಮೊದಲ ಮದ್ದು.

ಮಾತು ಕೇಳುತ್ತದೆ, ಮುಖ ಕಾಣದು

ವಾರ್ತೆ ಓದುವವರ ಧ್ವನಿ ಸ್ಪಷ್ಟವಾಗಿ ಕೇಳಿಸುತ್ತದೆ. ತೆರೆ ಮಾತ್ರ ಕಾಡಿಗೆಗಪ್ಪು. ‘ಪ್ಯಾನೆಲ್ಲೇ ಹೋಗಿದೆ, ಹೊಸ ಸೆಟ್ಟು ತರುವುದೇ ವಾಸಿ’ ಎಂದು ಯಾರಾದರೂ ಹೇಳಿದರೆ ಒಪ್ಪುವ ಮುನ್ನ ಒಂದು ಪರೀಕ್ಷೆಯಾಗಬೇಕು. ಕೋಣೆಯ ದೀಪಗಳನ್ನು ಆರಿಸಿ, ಸೆಟ್ಟನ್ನು ಚಾಲೂ ಇಟ್ಟು, ಟಾರ್ಚನ್ನು ತೆರೆಗೆ ತೀರ ಹತ್ತಿರವಾಗಿ ಓರೆಯಾಗಿ ಹಿಡಿಯಿರಿ. ರಿಮೋಟಿನಿಂದ ಮೆನುವನ್ನು ತರಿಸಿರಿ. ಬೆಳಕು ಬಿದ್ದೆಡೆಯಲ್ಲಿ ನೆರಳಿನಂತೆ ಅಕ್ಷರಗಳೋ ಆಕೃತಿಗಳೋ ಚಲಿಸುವುದು ಕಂಡರೆ ಗೊಂಬೆಗಳು ಕುಣಿಯುತ್ತಿವೆ, ದೀಪ ಮಾತ್ರ ಆರಿದೆ ಎಂದರ್ಥ. ಪ್ಯಾನೆಲ್ಲು ಬದುಕಿದೆ. ಹೋಗಿರುವುದು ಬ್ಯಾಕ್‌ಲೈಟು, ಅಥವಾ ಅದಕ್ಕೆ ವಿದ್ಯುತ್ತು ಕೊಡುವ ಭಾಗ. ಹೊಸ ಸೆಟ್ಟಿನ ಬೆಲೆಗೂ ಈ ದುರಸ್ತಿಯ ವೆಚ್ಚಕ್ಕೂ ಬಹಳ ಅಂತರವಿದೆ.

ಎಲ್.ಇ.ಡಿ. ದೀಪಗಳು ಸಾಮಾನ್ಯವಾಗಿ ಹೂಮಾಲೆಯಂತೆ ಒಂದರ ಹಿಂದೊಂದು ಪೋಣಿಸಿಕೊಂಡಿರುತ್ತವೆ. ಒಂದು ದೀಪ ಕಡಿದುಹೋದರೂ ಆ ಸಾಲೆಲ್ಲ ಆರುತ್ತದೆ. ಇಷ್ಟೇ ಅಲ್ಲ, ದೋಷವನ್ನು ಕಂಡೊಡನೆ ಉಳಿದ ಸಾಲುಗಳನ್ನೂ ಆರಿಸಿಬಿಡುವ ರಕ್ಷಣೆ ಅನೇಕ ಸೆಟ್ಟುಗಳಲ್ಲಿದೆ. ಚಿತ್ರ ಒಂದೆರಡು ಕ್ಷಣ ಮೂಡಿ ಥಟ್ಟನೆ ಮಾಯವಾಗುವುದು ಇದರ ಲಕ್ಷಣ. ಚಿತ್ರವೆಲ್ಲ ದಿನೇ ದಿನೇ ನೀಲಿಗೋ ನೇರಳೆಗೋ ತಿರುಗುತ್ತಿದ್ದರೆ ದೀಪಗಳ ಮೇಲಿನ ಹಳದಿ ಲೇಪ ಸವೆದಿದೆಯೆಂದು ತಿಳಿಯಬೇಕು. ಅಲ್ಲಲ್ಲಿ ದುಂಡನೆಯ ಬಿಳಿಯ ಬೆಳಕಿನ ಮಚ್ಚೆಗಳು ಕಂಡರೆ, ದೀಪಗಳ ಮೇಲೆ ಅಂಟಿಸಿದ ಪುಟ್ಟ ಮಸೂರಗಳು ಉದುರಿವೆ. ಇವೆಲ್ಲ ಹೆಚ್ಚಾಗಿ ಕಾವಿನ ಫಲ. ಬ್ಯಾಕ್‌ಲೈಟಿನ ಪ್ರಖರತೆಯನ್ನು ತುತ್ತತುದಿಯಲ್ಲಿಡದೆ ಕಣ್ಣಿಗೆ ಹಿತವಾಗುವಷ್ಟಕ್ಕೆ ತಗ್ಗಿಸುವುದು ಸೆಟ್ಟಿನ ಆಯುಸ್ಸನ್ನು ಹೆಚ್ಚಿಸುವ, ಕಾಸು ಖರ್ಚಿಲ್ಲದ ಉಪಾಯ.

ಗೆರೆಗಳು ಹೇಳುವ ಕಥೆ

ಚಿತ್ರದಲ್ಲಿ ಗೆರೆ, ಚೌಕ, ತುಣುಕು ಕಾಣಿಸಿದಾಗಲೂ ಮೆನುವೇ ನಮ್ಮ ಸಾಕ್ಷಿ. ಮೆನುವನ್ನು ಬರೆಯುವುದು ಸೆಟ್ಟೇ ಹೊರತು ಹೊರಗಿನ ಯಾವ ಪೆಟ್ಟಿಗೆಯೂ ಅಲ್ಲ. ಮೆನು ನಿರ್ಮಲವಾಗಿದ್ದು ಕಾರ್ಯಕ್ರಮ ಮಾತ್ರ ಕೆಟ್ಟು ಕಾಣುತ್ತಿದ್ದರೆ ದೋಷವು ಸೆಟ್‌ಟಾಪ್ ಬಾಕ್ಸಿನಲ್ಲಿಯೋ ತಂತಿಯಲ್ಲಿಯೋ ಇದೆ. ಎಚ್.ಡಿ.ಎಂ.ಐ. ತಂತಿಯನ್ನು ಬದಲಿಸಿ, ಬೇರೆ ಕಿಂಡಿಗೆ ಸಿಕ್ಕಿಸಿ ನೋಡಬೇಕು. ಮೆನುವಿನ ಮೇಲೆಯೂ ಅದೇ ಗೆರೆ ಹಾಯ್ದಿದ್ದರೆ ದೋಷ ಸೆಟ್ಟಿನ ಒಳಗೇ ಇದೆ.

ಸದಾ ಒಂದೇ ಕಡೆ ನಿಂತ, ಕೂದಲೆಳೆಯಂಥ ಉದ್ದಗೆರೆಯು ಹೆಚ್ಚಾಗಿ ಪ್ಯಾನೆಲ್ಲಿನ ಅಂಚಿಗೆ ಅಂಟಿಸಿದ ತೆಳುಪಟ್ಟಿಯ ಸಂಪರ್ಕ ಬಿಟ್ಟುದರ ಗುರುತು. ಅದನ್ನು ಮತ್ತೆ ಕೂಡಿಸಲು ವಿಶೇಷ ಯಂತ್ರ ಬೇಕು. ಅರ್ಧ ತೆರೆಯೇ ಮಸುಕಾಗಿದ್ದರೆ, ಇಡೀ ಚಿತ್ರ ತಿರುವುಮುರುವು ಬಣ್ಣದಲ್ಲಿ ಕಂಡರೆ, ಟಿ-ಕಾನಿನ ಕಡೆಗೂ ಸಂಶಯ ಹರಿಯಬೇಕು. ಅದು ಬದಲಾಯಿಸಬಹುದಾದ ಅಂಗ. ಮಗು ಎಸೆದ ಚೆಂಡು ತಗಲಿ ಜೇಡರ ಬಲೆಯಂಥ ಬಿರುಕೂ ಮಸಿ ಚೆಲ್ಲಿದಂಥ ಕಲೆಯೂ ಮೂಡಿದ್ದರೆ ಮಾತ್ರ ಪ್ಯಾನೆಲ್ಲು ಹೋಯಿತೆಂದೇ ನಿಶ್ಚಯ. ಆಗ ದುರಸ್ತಿಗಿಂತ ಹೊಸದೇ ಮೇಲೆಂಬ ಮಾತು ಹೆಚ್ಚಾಗಿ ಸತ್ಯವಾಗಿರುತ್ತದೆ.

ಲಕ್ಷ್ಮಣರೇಖೆ

ಇಲ್ಲಿಯವರೆಗಿನ ಪರೀಕ್ಷೆಗಳನ್ನೆಲ್ಲ ಮನೆಯವರು ನಿರ್ಭಯವಾಗಿ ಮಾಡಬಹುದು. ಇಲ್ಲಿಂದಾಚೆಗೆ ಇರುವುದು ಬೆನ್ನಿನ ಮುಚ್ಚಳ. ತರಬೇತಿಯಿಲ್ಲದವರ ಪಾಲಿಗೆ ಅದೇ ಲಕ್ಷ್ಮಣರೇಖೆ.

‘ಪ್ಲಗ್ಗನ್ನು ಕಿತ್ತಿದ್ದೇನಲ್ಲ, ಇನ್ನೇನು ಭಯ?’ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರವಿರುವುದು ಪವರ್ ಬೋರ್ಡಿನ ಮೇಲೆ ಕುಳಿತಿರುವ ಹೆಬ್ಬೆರಳು ಗಾತ್ರದ ಕೆಪಾಸಿಟರಿನಲ್ಲಿ. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತು ಇಲ್ಲಿ ಏಕಮುಖಗೊಂಡು ಸುಮಾರು 325 ವೋಲ್ಟಾಗುತ್ತದೆ. ದೊಡ್ಡ ತೆರೆಯ ಅನೇಕ ಸೆಟ್ಟುಗಳಲ್ಲಿ 380ರಿಂದ 400ರವರೆಗೆ ಏರುತ್ತದೆ. ಕೆಪಾಸಿಟರ್ ಈ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ತೊಟ್ಟಿ. ನಲ್ಲಿಯನ್ನು ನಿಲ್ಲಿಸಿದ ಮಾತ್ರಕ್ಕೆ ತೊಟ್ಟಿ ಬರಿದಾಗುವುದಿಲ್ಲವಷ್ಟೆ? ಅದನ್ನು ಮೆಲ್ಲಗೆ ಬರಿದುಮಾಡುವ ಏರ್ಪಾಡು ಸಾಮಾನ್ಯವಾಗಿ ಬೋರ್ಡಿನಲ್ಲಿಯೇ ಇರುತ್ತದೆ. ಆದರೆ ಕೆಟ್ಟುನಿಂತ ಬೋರ್ಡಿನಲ್ಲಿ ಆ ಏರ್ಪಾಡೂ ಕೆಟ್ಟಿರಬಹುದು. 100 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ 390 ವೋಲ್ಟು ತುಂಬಿದ್ದರೆ, ಒಂದು ಕಿಲೋಗ್ರಾಂ ತೂಕದ ಕಲ್ಲನ್ನು ಮುಕ್ಕಾಲು ಮೀಟರು ಎತ್ತರದಿಂದ ಕೆಡವಿದಷ್ಟು ಶಕ್ತಿ ಅಲ್ಲಿ ಹೊಂಚಿ ಕುಳಿತಿರುತ್ತದೆ. ಬೆರಳು ಸೋಕಿದಾಗ ಅಷ್ಟೂ ಒಮ್ಮೆಗೇ ಮೈಯೊಳಗೆ ನುಗ್ಗುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಹರಿದರೆ ನಡುವೆ ಇರುವುದು ಹೃದಯ. ಮನೆಯ ಸ್ವಿಚ್‌ಬೋರ್ಡಿನ ಆರ್.ಸಿ.ಸಿ.ಬಿ. ಈ ಆಘಾತದಿಂದ ಕಾಪಾಡಲಾರದು. ಏಕೆಂದರೆ ಇದು ಮನೆಯ ತಂತಿಯಿಂದ ಬಂದ ವಿದ್ಯುತ್ತಲ್ಲ, ಕೂಡಿಟ್ಟ ವಿದ್ಯುತ್ತು. ಬ್ಯಾಕ್‌ಲೈಟಿನ ಸಾಲಿಗೆ ಹೋಗುವ ವಿದ್ಯುತ್ತೂ ನೂರು ವೋಲ್ಟನ್ನು ಮೀರುವುದುಂಟು. ಹಳೆಯ ಟ್ಯೂಬ್‌ಲೈಟ್ ಜಾತಿಯಲ್ಲಿ ಅದು ಸಾವಿರ ವೋಲ್ಟನ್ನು ಮುಟ್ಟುತ್ತದೆ. ರಿಮೋಟಿನಿಂದ ಆರಿಸಿದ ಸೆಟ್ಟಂತೂ ಆರಿದ್ದೇ ಅಲ್ಲ. ಪ್ಲಗ್ಗು ಇರುವವರೆಗೆ ಪವರ್ ಬೋರ್ಡು ಎಚ್ಚರವಾಗಿಯೇ ಇರುತ್ತದೆ.

ಪರಿಣತರಾದವರು ಹೇಗೆ ಕೆಲಸ ಮಾಡುತ್ತಾರೆಂಬುದನ್ನು ತಿಳಿದಿದ್ದರೆ ಬಂದವರ ಯೋಗ್ಯತೆಯನ್ನು ಅಳೆಯುವುದು ಸುಲಭ. ಬಲ್ಲವರು ಮೊದಲು ಪ್ಲಗ್ಗನ್ನು ಕೀಳುತ್ತಾರೆ, ಕೈಯ ಉಂಗುರ, ಗಡಿಯಾರಗಳನ್ನು ತೆಗೆದಿಡುತ್ತಾರೆ, ಕೆಲವು ನಿಮಿಷ ಕಾಯುತ್ತಾರೆ. ಮುಚ್ಚಳ ತೆಗೆದ ಬಳಿಕ ಮೀಟರಿನಿಂದ ಕೆಪಾಸಿಟರಿನ ವೋಲ್ಟನ್ನು ಅಳೆಯುತ್ತಾರೆ. ಉಳಿದಿದ್ದರೆ ತಕ್ಕ ರೆಸಿಸ್ಟರಿನ ಮೂಲಕ ಇಳಿಸಿ ಮತ್ತೆ ಅಳೆಯುತ್ತಾರೆ. ತಿರುಪುಳಿಯನ್ನು ಅಡ್ಡ ಹಿಡಿದು ‘ಚಟ್’ ಎನಿಸುವುದು ಬಲ್ಲವರ ರೀತಿಯಲ್ಲ. ಮೇಲ್ಭಾಗ ಉಬ್ಬಿದ ಕೆಪಾಸಿಟರ್, ಕಪ್ಪಾದ ಬೋರ್ಡು, ಸುಟ್ಟ ಫ್ಯೂಸು ಇವುಗಳನ್ನು ಕಣ್ಣಿನಿಂದಲೇ ಗುರುತಿಸುತ್ತಾರೆ. ಫ್ಯೂಸು ಸುಟ್ಟಿದ್ದರೆ ಏಕೆ ಸುಟ್ಟಿತೆಂದು ಹುಡುಕುತ್ತಾರೆಯೇ ಹೊರತು ದಪ್ಪ ತಂತಿಯನ್ನು ಸುತ್ತಿ ಕಳಿಸುವುದಿಲ್ಲ. ದುರಸ್ತಿಯಾದ ಬೋರ್ಡನ್ನು ಮೊದಲ ಬಾರಿ ಚಾಲೂ ಮಾಡುವಾಗ ಹಳೆಯ ಕಾಲದ ತಂತಿಬಲ್ಬೊಂದನ್ನು ಸೀರೀಸಿನಲ್ಲಿ ಸೇರಿಸುವ ಒಳ್ಳೆಯ ಪದ್ಧತಿಯೂ ನಮ್ಮ ರಿಪೇರಿ ಅಂಗಡಿಗಳಲ್ಲಿದೆ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಕ್ಷೇಮ. ಝಗ್ಗನೆ ಉರಿಯುತ್ತಲೇ ಇದ್ದರೆ ಒಳಗೆ ಇನ್ನೂ ಶಾರ್ಟ್ ಇದೆ.

ಬಾರದಂತೆ ತಡೆಯುವುದು

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಕಾಲ ಸೆಟ್ಟುಗಳಿಗೆ ಕಂಟಕದ ಕಾಲ. ಮೋಡ ಕಟ್ಟಿದೊಡನೆ ಪ್ಲಗ್ಗನ್ನೂ ಡಿಷ್ ಅಥವಾ ಕೇಬಲ್ಲಿನ ತಂತಿಯನ್ನೂ ಬಿಡಿಸಿಡಬೇಕು. ಸಿಡಿಲಿನ ಹೊಡೆತವು ಎರಡು ದಾರಿಯಿಂದಲೂ ಬರಬಲ್ಲುದು. ಸ್ಟೆಬಿಲೈಸರ್ ಸಿಡಿಲನ್ನು ತಡೆಯುತ್ತದೆಂಬುದು ಭ್ರಮೆ. ಮಿಂಚು ನೆತ್ತಿಯ ಮೇಲೆ ಬಂದ ಬಳಿಕ ತಂತಿಗಳನ್ನು ಮುಟ್ಟಲು ಹೋಗಬಾರದು.

ಇನ್ನೊಂದು ಅಪಾಯ ನೆಲದಿಂದಲೇ ಬರುತ್ತದೆ. ಮೂರು ಫೇಸಿನ ಸರಬರಾಜಿನಲ್ಲಿ ನ್ಯೂಟ್ರಲ್ ತಂತಿ ಕಡಿದರೆ, 230 ವೋಲ್ಟು ಇರಬೇಕಾದ ಕಡೆ 400ರ ಸಮೀಪಕ್ಕೂ ಏರಬಹುದು. ಒಂದೇ ಬೀದಿಯಲ್ಲಿ ಹಲವು ಮನೆಗಳ ಸೆಟ್ಟುಗಳು ಒಂದೇ ಸಂಜೆ ಸುಡುವುದು ಹೀಗೆ. ಕೆಲವು ದೀಪಗಳು ವಿಪರೀತ ಬೆಳಗಿ, ಕೆಲವು ಮಂಕಾದರೆ ತತ್‌ಕ್ಷಣ ಮೈನ್ ಸ್ವಿಚ್ಚನ್ನು ಆರಿಸತಕ್ಕದ್ದು.

ತೆರೆಯ ಮೇಲೆ ನೇರವಾಗಿ ನೀರನ್ನೋ ದ್ರವವನ್ನೋ ಸಿಂಪಡಿಸುವುದು ಅನೇಕ ಸೆಟ್ಟುಗಳ ಮೃತ್ಯುವಿಗೆ ಕಾರಣ. ಹನಿ ಜಾರಿ ಕೆಳ ಅಂಚಿನ ಸೂಕ್ಷ್ಮ ಸಂಪರ್ಕಗಳಿಗೆ ಇಳಿಯುತ್ತದೆ. ಆರಿಸಿದ ತೆರೆಯನ್ನು ಮೆತ್ತನೆಯ ಒಣ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಸಾಕು. ಬೆನ್ನಿನ ಗಾಳಿಕಿಂಡಿಗಳ ಮೇಲೆ ಕಸೂತಿಯ ಹೊದಿಕೆ ಬೇಡ. ಹಲ್ಲಿ, ಇರುವೆ, ಜಿರಲೆಗಳು ಬೆಚ್ಚನೆಯ ಆ ಜಾಗವನ್ನು ಹುಡುಕಿಕೊಂಡು ಬರುವುದರಿಂದ ತಿಂಡಿಯ ಚೂರು ಅತ್ತ ಬೀಳದಂತೆ ನೋಡಿಕೊಳ್ಳಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸೆಟ್ಟನ್ನು ಎತ್ತರದ ಬೀರುವಿನ ಮೇಲಿಡದೆ, ಗೋಡೆಗೆ ಭದ್ರವಾಗಿ ಬಿಗಿಸುವುದು ಕರ್ತವ್ಯ. ಮಗು ಹಿಡಿದೆಳೆದು ಸೆಟ್ಟು ಮೇಲೆ ಬೀಳುವ ಅಪಾಯ ವಿದ್ಯುತ್ತಿನ ಅಪಾಯಕ್ಕಿಂತ ಕಡಿಮೆಯದಲ್ಲ. ಸುಟ್ಟ ವಾಸನೆಯೋ ಹೊಗೆಯೋ ಬಂದರೆ ಗೋಡೆಯ ಸ್ವಿಚ್ಚನ್ನು, ಅದು ಕೈಗೆಟುಕದಿದ್ದರೆ ಮೈನ್ ಸ್ವಿಚ್ಚನ್ನು ಆರಿಸಿ ದೂರ ಸರಿಯಬೇಕು. ನೀರನ್ನೆರಚಲೇಕೂಡದು.

ರಿಪೇರಿಯವರೊಡನೆ ವ್ಯವಹಾರ

ಕರೆಯುವ ಮುನ್ನ ಬೆನ್ನಿನ ಚೀಟಿಯಲ್ಲಿರುವ ಮಾಡೆಲ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ದೋಷ ಕಾಣುವಂತೆ ಫೋನಿನಲ್ಲಿ ಚಿತ್ರ ತೆಗೆದಿಡಿರಿ. ವಾರಂಟಿ ಉಳಿದಿದ್ದರೆ ಕಂಪೆನಿಯವರಲ್ಲದೆ ಬೇರೆಯವರು ಮುಚ್ಚಳಕ್ಕೆ ಕೈ ಹಾಕಬಾರದು. ಬ್ಯಾಕ್‌ಲೈಟ್ ಬದಲಿಸಬೇಕೆಂದಾಗ ಎರಡು ಮಾತು ಮೊದಲೇ ತೀರ್ಮಾನವಾಗಲಿ. ಮೊದಲನೆಯದಾಗಿ, ಕೆಟ್ಟ ಒಂದು ದೀಪವನ್ನಷ್ಟೇ ಅಲ್ಲ, ಪಟ್ಟಿಗಳನ್ನೆಲ್ಲ ಒಟ್ಟಿಗೆ ಬದಲಿಸುವುದು ಉತ್ತಮ. ಒಂದೇ ವಯಸ್ಸಿನ ಉಳಿದ ದೀಪಗಳೂ ಅದೇ ಹಾದಿ ಹಿಡಿಯುವುವು. ಎರಡನೆಯದಾಗಿ, ಆ ಪಟ್ಟಿಗಳನ್ನು ಮುಟ್ಟಬೇಕಾದರೆ ತೆಳುಗಾಜಿನ ಪ್ಯಾನೆಲ್ಲನ್ನು ಎತ್ತಿಡಲೇಬೇಕು. ದೊಡ್ಡ ಸೆಟ್ಟಾದರೆ ಅದು ಇಬ್ಬರ ಕೆಲಸ. ಎತ್ತುವಾಗ ಗಾಜು ಒಡೆದರೆ ನಷ್ಟ ಯಾರದೆಂದು ಮುಂಚೆಯೇ ಕೇಳಿರಿ. ಪ್ರಾಮಾಣಿಕರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆಯಿರಿ. ತೆಗೆದ ಹಳೆಯ ಭಾಗವನ್ನು ಕೇಳಿ ನೋಡಿರಿ. ಅನ್ಯಾಯವಾಯಿತೆಂದು ತೋರಿದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಉಂಟು.

ದುರಸ್ತಿಯಾಗದ ಸೆಟ್ಟನ್ನು ಬೀದಿಯ ಕಸಕ್ಕೆ ಹಾಕಬಾರದು. ಹಳೆಯ ಟ್ಯೂಬ್‌ಲೈಟ್ ಜಾತಿಯಲ್ಲಿ ಪಾದರಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಮೇರೆಗೆ ನೋಂದಾಯಿತ ಮರುಬಳಕೆದಾರರಿಗೆ ಸೇರುವಂತೆ ಅದನ್ನು ಕೊಡುವುದು ಸರಿಯಾದ ಮಾರ್ಗ.

ತನ್ನ ಮನೆಯ ವಸ್ತುವನ್ನು ತಾನೇ ದುರಸ್ತಿ ಮಾಡಬೇಕೆಂಬ ಹಂಬಲ ಕೆಟ್ಟದ್ದಲ್ಲ. ಕಲಿಯಲಿಚ್ಛಿಸುವ ತರುಣರು ತರಬೇತಿ ಶಾಲೆಯಲ್ಲಿಯೋ ಬಲ್ಲವರ ಅಂಗಡಿಯಲ್ಲಿಯೋ ಕ್ರಮವಾಗಿ ಕಲಿಯಲಿ. ಅಂಥ ಕೈಗಳು ನಾಡಿಗೆ ಬೇಕು. ಉಳಿದವರಿಗೆ ಟಾರ್ಚು, ಮೆನು ಮತ್ತು ತಾಳ್ಮೆ ಸಾಕು. ಹೊಸ ಸೆಟ್ಟು ಅಂಗಡಿಯಲ್ಲಿ ಸಿಕ್ಕೀತು. ಮುಚ್ಚಳದೊಳಗೆ ದುಡುಕಿ ಇಟ್ಟ ಕೈಗೆ ಬದಲಿ ಕೈ ಯಾವ ಅಂಗಡಿಯಲ್ಲಿಯೂ ಸಿಗದು.